ತೆರೆಯ ಮೇಲಿನ ಮಿಂಚು

ನೆನೆದ ಕಾರ್ಪೆಟ್ಟಿನ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನ್ನ ನಾಲಿಗೆಯ ಎಡಬದಿ ಉರಿಯುತ್ತದೆ. ಕಳೆದ ಜೂನಿನಲ್ಲಿ ಕೆಲಸದ ಮೇಲೆ ಕೊಚ್ಚಿಗೆ ಹೋಗಿದ್ದೆ. ವೈಟ್ಟಿಲದಲ್ಲಿ ಹತ್ತಿದ ಎ.ಸಿ. ಬಸ್ಸಿನ ನೆಲಹಾಸು ಮಳೆನೀರು ಕುಡಿದು ನಾರುತ್ತಿತ್ತು. ಬಸ್ಸು ಹೊರಡುವ ಮೊದಲೇ ಇಳಿದುಬಿಟ್ಟೆ. ಕಂಡಕ್ಟರ್ "ಎಂತು ಪಟ್ಟಿ ಚೇಟ್ಟಾ?" ಎಂದು, ಏನಾಯಿತೆಂದು, ಹಿಂದಿನಿಂದ ಕೂಗಿ ಕೇಳಿದ. ಮಳೆಯಲ್ಲೇ ನಡೆದು ಹೋಗಿ ಒಂದು ಮೂಲೆಯಲ್ಲಿ ಉಗುಳಿದೆ. ರಕ್ತವಿರಲಿಲ್ಲ. ಇರುವುದಿಲ್ಲವೆಂದು ಗೊತ್ತಿದ್ದರೂ ನೋಡದಿರಲು ಆಗಲಿಲ್ಲ.

ಈ ಉರಿ ಶುರುವಾದ ಆ ಹಳೆಯ ಮಳೆಗಾಲಕ್ಕೆ ನನಗೆ ಇಪ್ಪತ್ತಾರು ವರ್ಷ. ಗದಗಿನಿಂದ ಬಂದವನು, ಕೊಚ್ಚಿಯ ಕಾಕ್ಕನಾಡಿನ ಐಟಿ ಪಾರ್ಕಿನ ಹಿಂಬದಿಯಲ್ಲಿದ್ದ ಸಣ್ಣ ಕಂಪನಿಯೊಂದರಲ್ಲಿ ವೆಬ್‌ಸೈಟುಗಳಿಗೆ ಕೋಡ್ ಬರೆಯುತ್ತಿದ್ದೆ. ಹೆಸರು ಮಲ್ಲಿಕಾರ್ಜುನ, ಮನೆಯಲ್ಲಿ ಮಲ್ಲು. ಮಲಯಾಳಿಗಳನ್ನು ಹೊರಗಿನವರು ಮಲ್ಲು ಎಂದು ಕರೆಯುತ್ತಾರೆಂಬುದು ನನಗೆ ತಿಳಿದಿರಲಿಲ್ಲ. ಕೆಲಸಕ್ಕೆ ಸೇರಿದ ದಿನ ಆ ಹೆಸರು ಹೇಳಿದಾಗ ಇಡೀ ಆಫೀಸು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ಬಿಜೋಯ್. ಸ್ವಲ್ಪ ದಿನದಲ್ಲೇ ತನ್ನ ಬಾಡಿಗೆ ಮನೆಗೆ ನನ್ನನ್ನೂ ಕರೆದುಕೊಂಡ. ಅಲ್ಲಿ ಗೆಳೆಯರು ಕರೆದುಕೊಳ್ಳುವ ಹಾಗೆ ನನ್ನನ್ನು 'ಅಳಿಯಾ' ಎನ್ನುತ್ತಿದ್ದ. ಫೋನಿನಲ್ಲಿ ಅದು ಕೇಳಿಸಿ ನನ್ನ ಅಕ್ಕ ಗಾಬರಿಯಾಗಿ, ಯಾರ ಮಗಳನ್ನ ಕಟ್ಕೊಂಡಿ ಎಂದು ಕೇಳಿದ್ದಳು. ಗಿರಿಜಕ್ಕ ಬ್ಯಾಂಕ್ ಅಧಿಕಾರಿ. ವರ್ಗವಾಗಿ ತಿರುವನಂತಪುರಕ್ಕೆ ಬಂದು, ಗಂಡ ಮತ್ತು ಮಗಳು ಅನುವಿನೊಂದಿಗೆ ಅಲ್ಲೇ ನೆಲೆಸಿದ್ದಳು.

ಬಿಜೋಯ್‌ನ ಕೆಲಸ ಚಿತ್ರಗಳನ್ನು ಕುಣಿಸುವುದು. ನಾನು ಕಟ್ಟಿದ ಪುಟಗಳ ಮೇಲೆ ಅವನು ಎಲೆ ಉದುರಿಸುತ್ತಿದ್ದ, ದೋಣಿ ತೇಲಿಸುತ್ತಿದ್ದ. ಆ ವರ್ಷ ತಿರುವನಂತಪುರದ ಕಡೆ ಕಡಲ ದಂಡೆಯಲ್ಲಿ ರೆಸಾರ್ಟ್ ನಡೆಸುವ ಕುರುಪ್ ಎಂಬವರು ನಮ್ಮಲ್ಲಿಗೆ ಬಂದರು. ಮಳೆಗಾಲದಲ್ಲೂ ಕೋಣೆಗಳು ತುಂಬಬೇಕು, ವೆಬ್‌ಸೈಟ್ ತೆರೆದವನ ಎದೆ ನಡುಗಬೇಕು, ಮಳೆಗಾಲವೇ ಅವನ ಮೈಮೇಲೆ ಬಿದ್ದಂತಿರಬೇಕು ಎಂಬುದು ಅವರ ಬೇಡಿಕೆ. ಬಿಜೋಯ್ ಊಟ ನಿದ್ದೆ ಬಿಟ್ಟು ಒಂದು ಬಿರುಗಾಳಿಯನ್ನು ಕಟ್ಟಿದ. ಪುಟ ತೆರೆದೊಡನೆ ಪರದೆ ಕಪ್ಪಾಗುತ್ತಿತ್ತು. ಗುಡುಗು ಸಿಡಿಯುತ್ತಿತ್ತು. ಬಂಡೆಗೆ ಅಲೆ ಅಪ್ಪಳಿಸಿ ತೆಂಗಿನ ಮರ ಮುರಿದು ಬೀಳುತ್ತಿತ್ತು. ನಡುನಡುವೆ ಮಿಂಚು. ಅದನ್ನು ದಾಟಿ ಮುಂದಕ್ಕೆ ಹೋಗಲು ಗುಂಡಿಯಿರಲಿಲ್ಲ. ಬಿರುಗಾಳಿ ಪೂರ್ತಿ ಮುಗಿದ ಮೇಲೆಯೇ ಕೋಣೆಗಳ ಚಿತ್ರ, ಫೋನ್ ನಂಬರು ಕಾಣಿಸುತ್ತಿದ್ದವು.

ಮೊದಲ ಸಲ ನೋಡಿದಾಗಲೇ ನನ್ನ ಕುತ್ತಿಗೆಯ ಹಿಂದೆ ಬೆವರೊಡೆಯಿತು.

ಹುಡುಗನಾಗಿದ್ದಾಗ, ಗದಗಿನಲ್ಲಿ ಒಂದು ಮದುವೆ ಮಂಟಪದಲ್ಲಿ ಕೆಟ್ಟ ಟ್ಯೂಬ್‌ಲೈಟ್ ಪಟಪಟನೆ ಹತ್ತಿ ಆರುತ್ತಿದ್ದುದನ್ನು ನೋಡುತ್ತಾ ಪಂಕ್ತಿಯಲ್ಲೇ ಬಿದ್ದಿದ್ದೆ. ಹುಬ್ಬಳ್ಳಿಯ ಡಾಕ್ಟರು ಇದು ಮೂರ್ಛೆರೋಗ, ಮಿಣುಕುವ ಬೆಳಕು ಇವನಿಗೆ ಆಗದು ಎಂದು ಹೇಳಿ ಗುಳಿಗೆ ಬರೆದುಕೊಟ್ಟರು. ಎರಡೂ ಕಣ್ಣು ಮುಚ್ಚಿದರೂ ಬೆಳಕು ರೆಪ್ಪೆಯೊಳಗೆ ನುಗ್ಗುತ್ತದೆ, ಒಂದು ಕಣ್ಣನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊ ಎಂದು ಹೇಳಿಕೊಟ್ಟಿದ್ದರು. ಅಪ್ಪ ಮಾತ್ರ ಮನೆಯಾಚೆ ಯಾರಿಗೂ ಹೇಳಬಾರದೆಂದರು. ಕಾಲೇಜು ಸೇರುವ ಹೊತ್ತಿಗೆ ಫಿಟ್ಸ್ ಬರುವುದು ನಿಂತಿತ್ತು. ಗುಳಿಗೆಯನ್ನು ವಿಟಮಿನ್ ಡಬ್ಬಿಯಲ್ಲಿಟ್ಟುಕೊಂಡು ನುಂಗುತ್ತಿದ್ದೆ. ಬಿಜೋಯ್ ಆಗಾಗ ಅದರಿಂದ ಒಂದು ತನಗೂ ಕೊಡು ಎಂದು ತಮಾಷೆ ಮಾಡುತ್ತಿದ್ದ.

ಮೀಟಿಂಗಿನಲ್ಲಿ ನನ್ನ ಕಾಯಿಲೆಯ ಮಾತೆತ್ತದೆ ಬೇರೆ ಎಲ್ಲವನ್ನೂ ಹೇಳಿದೆ. ಇದು ಭಾರ, ಮಳೆಯಲ್ಲಿ ನೆಟ್‌ವರ್ಕ್ ತೆವಳುವಾಗ ತೆರೆಯುವುದಿಲ್ಲ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ಸಾಫ್ಟ್‌ವೇರಿಗೆ ಇದರಲ್ಲಿ ಓದಲು ಒಂದಕ್ಷರವೂ ಇಲ್ಲ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಏನೂ ಮಿಂಚಬಾರದೆಂದು ವೆಬ್‌ಸೈಟ್ ಮಾಡುವವರಿಗೆ ನಿಯಮವಿದೆ, ಕೆಲವರ ತಲೆಗೆ ಅದು ಅಪಾಯ. ನಮ್ಮ ಬಾಸ್ ಸನ್ನಿ ಸರ್ ಇದನ್ನೆಲ್ಲ ಬರೆದುಕೊಂಡಂತೆ ಪೆನ್ನು ಆಡಿಸಿದರು. ಬಿಜೋಯ್ ವೈಕ್ಕಂನಲ್ಲಿದ್ದ ತನ್ನ ತಾಯಿಗೆ ಲಿಂಕ್ ಕಳಿಸಿದ್ದ. ಮಗನ ಕೆಲಸ ನೋಡಲೆಂದು ಆಕೆ ಫೋನ್ ಹಿಡಿದು ಕೂತಿದ್ದೇ ಬಂತು, ಬಿಳಿ ಪರದೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಕೊನೆಗೆ ಫೋನು ಕಾದು ತಾನಾಗಿಯೇ ಆಫ್ ಆಯಿತಂತೆ. ಅದನ್ನು ಹೇಳಿ ನಗಬೇಕಾದ ಬಿಜೋಯ್ ಎರಡು ದಿನ ಮುಖ ಊದಿಸಿಕೊಂಡಿದ್ದ. ಕುರುಪ್ ಅವರಿಗೆ ಮಾತ್ರ ಇನ್ನಷ್ಟು ಮಿಂಚು ಬೇಕಾಗಿತ್ತು.

ಕೊನೆಯ ಪರಿಶೀಲನೆಯ ದಿನ ಊರಿಗೆ ಊರೇ ನೀರಿನಲ್ಲಿತ್ತು. ಆಫೀಸಿನ ಮುಂದೆ ಒಂದು ಮಾವಿನ ಮರ ಉರುಳಿ ಕಾರೊಂದನ್ನು ಚಪ್ಪಟೆ ಮಾಡಿತ್ತು. ಮೀಟಿಂಗ್ ಕೋಣೆಯಲ್ಲಿ ಎ.ಸಿ. ಸೋರಿ ಕಾರ್ಪೆಟ್ಟು ನೆನೆದಿತ್ತು. ದೀಪ ಆರಿಸಿ ದೊಡ್ಡ ಪರದೆಗೆ ಹಾಕಿದರು. ಮೊದಲ ಗುಡುಗಿಗೆ ನಾನು ಅಂಗೈ ಎತ್ತಿದೆ. ಪಕ್ಕದಲ್ಲಿದ್ದ ಸನ್ನಿ ಸರ್ ನಕ್ಕು ನನ್ನ ಕೈಯನ್ನು ಕೆಳಗೆ ಎಳೆದರು, ನೋಡು ನೋಡು ಎಂದರು. ಬಿಜೋಯ್ ಮಿಂಚಿನ ವೇಗ ಹೆಚ್ಚಿಸಿದ್ದ. ಬೆಳಕು ಸೂಜಿಗಳ ಹಾಗೆ ಒಂದರ ಹಿಂದೊಂದು ಕಣ್ಣಿಗೆ ಚುಚ್ಚಿತು. ನನ್ನ ದವಡೆ ಒಂದು ಬದಿಗೆ ಸೆಳೆದದ್ದು ಗೊತ್ತಾಯಿತು. ಕಾರ್ಪೆಟ್ಟಿನ ವಾಸನೆ ಮುಖಕ್ಕೆ ಹತ್ತಿರವಾಯಿತು. ಆಮೇಲೆ ನಾನಿಲ್ಲ.

ಉಳಿದದ್ದು ಬೇರೆಯವರು ಹೇಳಿದ್ದು. ಗಂಟಲಿನಿಂದ ಪ್ರಾಣಿಯಂತೆ ಕೂಗಿದೆನಂತೆ. ಕಾಲು ಝಾಡಿಸಿದ ರಭಸಕ್ಕೆ ಕುರ್ಚಿಗಳು ಉರುಳಿದವಂತೆ. ತಲೆ ನೆಲಕ್ಕೆ ಬಡಿಯದಿರಲೆಂದು ಹಿಡಿಯಲು ಬಂದ ಬಿಜೋಯ್‌ನ ಬಾಯಿಗೆ ನನ್ನ ಮೊಣಕೈ ಬಿದ್ದು ಅವನ ಮುಂದಿನ ಹಲ್ಲು ಮುರಿಯಿತು. ಯಾರೋ ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆಂದು ಬೀಗದಕೈ ಗೊಂಚಲನ್ನು ಮುಷ್ಟಿಯೊಳಗೆ ತುರುಕಿದರು. ಅದರ ಹಲ್ಲುಗಳು ನನ್ನ ಅಂಗೈಯನ್ನು ಸೀಳಿದವು. ನಡುಕ ನಿಂತ ಮೇಲೆ ಅರೆ ಎಚ್ಚರದಲ್ಲಿ ಎದ್ದು ನಿಲ್ಲಲು ಹೋಗಿ ಮೇಜಿನ ಅಂಚಿಗೆ ಬಿದ್ದೆನಂತೆ. ಬಲಭುಜದ ಕೀಲು ತಪ್ಪಿದ್ದು ಆಗ. ಇಷ್ಟೆಲ್ಲ ಆಗುವವರೆಗೂ ಪರದೆಯ ಮೇಲೆ ಬಿರುಗಾಳಿ ನಡೆಯುತ್ತಲೇ ಇತ್ತು. ನಿಲ್ಲಿಸುವ ಗುಂಡಿಯನ್ನು ನಾವು ಇಟ್ಟಿರಲೇ ಇಲ್ಲ.

ಕಣ್ಣು ಬಿಟ್ಟಾಗ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿದ್ದೆ. ಪಕ್ಕದ ಸ್ಟೂಲಿನಲ್ಲಿ ಬಿಜೋಯ್ ಬಾಯಿಗೆ ಟವೆಲ್ ಒತ್ತಿಕೊಂಡು ಕೂತಿದ್ದ. ಇಬ್ಬರ ಅಂಗಿಯೂ ರಕ್ತ. ಎಳೆಯ ಡಾಕ್ಟರೊಬ್ಬಳು ಬಂದು, ಜಗಳ ಯಾರು ಶುರು ಮಾಡಿದ್ದು ಎಂದು ಗದರಿದಳು. ಹಲ್ಲಿಗೆ ಸಿಕ್ಕಿ ಎಡಬದಿ ಹರಿದ ನನ್ನ ನಾಲಿಗೆ ಬಾಯಿ ತುಂಬ ಊದಿತ್ತು. ಆದರೂ ನಿಜ ಹೇಳಿದೆ. ಚಿಕ್ಕಂದಿನಿಂದ ಇದೆ ಎಂದೆ, ಗುಳಿಗೆಯ ಹೆಸರನ್ನೂ ಹೇಳಿದೆ. ಬಿಜೋಯ್ ಟವೆಲ್ ಕೆಳಗಿಳಿಸಿ ನನ್ನನ್ನೇ ನೋಡಿದ. ಆಮೇಲೆ ಎದ್ದು ಹೊರಗೆ ಹೋದ.

ಸನ್ನಿ ಸರ್ ಫೋನ್ ಮಾಡಿ, ಆಫೀಸಿನಲ್ಲಿ ಎಲ್ಲರಿಗೂ ನೀನು ತಿಂಡಿ ತಿನ್ನದೆ ಬಂದಿದ್ದೆ ಎಂದು ಹೇಳಿದ್ದೇನೆ, ನೀನೂ ಹಾಗೇ ಹೇಳು ಎಂದರು. ಮರುದಿನ ಬೆಳಗಿನ ರೈಲಿಗೆ ಗಿರಿಜಕ್ಕ ಬಂದಳು. ನನ್ನ ಮುಖ ನೋಡಿದಳು. ನನ್ನನ್ನು ಕರೆದುಕೊಂಡು ನೇರ ಆಫೀಸಿಗೆ ಹೋದಳು. ಇದನ್ನು ಮೊದಲೇ ತಿಳಿಸುವುದು ಇವನ ಜವಾಬ್ದಾರಿಯಾಗಿತ್ತು ಎಂದು ಸನ್ನಿ ಸರ್ ಇಂಗ್ಲಿಷಿನಲ್ಲಿ ನಿಧಾನವಾಗಿ ಶುರು ಮಾಡಿದರು. ಅಕ್ಕ ಅವರ ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೆಯ್ಟ್ ಎತ್ತಿ ಗೋಡೆಗೆ ಬೀಸಿದಳು. ಬ್ಯಾಂಕಿನಲ್ಲಿ ಜನ ಎಷ್ಟು ಬೈದರೂ ದನಿಯೇರಿಸದ ಅಕ್ಕ ಅವಳು. ಚೂರುಗಳು ಬಿದ್ದು ಮುಗಿದ ಮೇಲೆ ಕನ್ನಡದಲ್ಲೇ ಹೇಳಿ, ಅವರಿಗೆ ಹೇಳೆಂದು ನನ್ನ ಕಡೆ ತಿರುಗಿದಳು.

"ಇಂವ ಹೇಳಲಿಲ್ಲ, ಖರೆ. ಮನ್ಯಾಗ ಕೂತು ನಿಮ್ಮ ವೆಬ್‌ಸೈಟ್ ತಗಿಯೋ ಮಂದಿ ಬಂದು ನಿಮಗ ಹೇಳ್ತಾರೇನು, ನಮಗ ಫಿಟ್ಸ್ ಅದ ಅಂತ? ಅವರಿಗೇ ಗೊತ್ತಿರ್ತದೋ ಇಲ್ಲೋ."

ನಾನು ಅದನ್ನು ಇಂಗ್ಲಿಷಿಗೆ ತಂದೆ. ಸನ್ನಿ ಸರ್ ಗೋಡೆಯ ಗಾಯವನ್ನೇ ನೋಡುತ್ತಾ, ವಿಶ್ರಾಂತಿ ತಗೊ, ಮನೆಯಿಂದ ಕೆಲಸ ಮಾಡು ಎಂದರು. ಹಾಗೆಂದರೆ ಇನ್ನು ಬರಬೇಡ ಎಂದು ಎಲ್ಲರಿಗೂ ಅರ್ಥವಾಯಿತು.

ಬಟ್ಟೆ ತೆಗೆದುಕೊಳ್ಳಲು ಮನೆಗೆ ಹೋದಾಗ ಬಿಜೋಯ್ ಬಾಗಿಲಿಗೆ ಅಡ್ಡ ನಿಂತ. ನಮ್ಮಿಬ್ಬರ ನಡುವೆ ಇಂಗ್ಲಿಷೂ ಅರೆಬರೆ ಮಲಯಾಳವೂ ನಡೆಯುತ್ತಿತ್ತು. ಅವನ ತುಟಿ ಹೊಲಿಗೆ ಹಾಕಿಸಿಕೊಂಡು ದಪ್ಪಗಾಗಿತ್ತು. ಒಂದೇ ಕೋಣೆಯಲ್ಲಿ ಮಲಗಿ ನನಗೆ ವಿಟಮಿನ್ ಎಂದು ಸುಳ್ಳು ಹೇಳಿದೆಯಲ್ಲ, ನಾನು ಮಿಂಚು ಹೆಚ್ಚಿಸುವುದನ್ನು ನೋಡುತ್ತಾ ಕೂತಿದ್ದೆಯಲ್ಲ ಎಂದ. ನಿಯಮ ಹೇಳಿದೆನಲ್ಲ ಎಂದೆ. ನಿಯಮ ಹೇಳಿದೆ, ನಿನ್ನದು ಹೇಳಲಿಲ್ಲ ಎಂದು ಡಬ್ಬಿಯನ್ನು ಕಿಟಕಿಯಾಚೆ ಮಳೆಗೆ ಎಸೆದ. ನಾನು ಪೆಟ್ಟಾಗದ ಕೈಯಿಂದ ಅವನ ಕೊರಳಪಟ್ಟಿ ಹಿಡಿದು ಬಾಗಿಲಿಗೆ ಗುದ್ದಿದೆ. ಅವನು ನನ್ನ ಹೊಟ್ಟೆಗೆ ಮೊಣಕಾಲು ಕೊಟ್ಟ. ಅಕ್ಕ ಕೂಗುತ್ತಾ ಮೆಟ್ಟಿಲೇರಿ ಬಂದು ಇಬ್ಬರನ್ನೂ ಕೊಡೆಯಿಂದ ಬಡಿದು ಬಿಡಿಸಿದಳು. ಹೊರಡುವಾಗ, ಆ ಮಿಂಚನ್ನಾದರೂ ತೆಗೆದುಬಿಡು ಎಂದೆ. ಒಬ್ಬನ ತಲೆಗೋಸ್ಕರ ತನ್ನ ಕೆಲಸವನ್ನು ಕೊಲ್ಲುವುದಿಲ್ಲ ಎಂದು ಬಾಗಿಲು ಹಾಕಿದ.

ತಿರುವನಂತಪುರದಲ್ಲಿ ಅಕ್ಕನ ಮನೆಯ ಕಿಟಕಿಯ ಪಕ್ಕ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬಿದ್ದಿದ್ದೆ. ಅನು ನನ್ನ ಕನ್ನಡಕ್ಕೆಲ್ಲ ಮಲಯಾಳದಲ್ಲಿ ಉತ್ತರ ಕೊಡುತ್ತಾ ಓಡಾಡುತ್ತಿದ್ದಳು. ಒಂದು ಸಂಜೆ ಕುಣಿಯುತ್ತಾ ಬಂದು ನಮ್ಮ ಡ್ಯಾನ್ಸ್ ಕ್ಲಾಸಿನವರೆಲ್ಲ ದೊಡ್ಡ ಹೋಟೆಲಿನಲ್ಲಿ ಸ್ವಾಗತ ನೃತ್ಯ ಮಾಡುತ್ತಿದ್ದೇವೆ, ಆಮೇಲೆ ಗೋಡೆಯಷ್ಟು ದೊಡ್ಡ ಪರದೆಯಲ್ಲಿ ಬಿರುಗಾಳಿ ತೋರಿಸುತ್ತಾರಂತೆ ಎಂದಳು. ಅಕ್ಕ ಆಮಂತ್ರಣ ತಿರುವಿ ನೋಡಿದಳು. ಕುರುಪ್ ಅವರ ರೆಸಾರ್ಟು. ಅನು ಹೋಗುವುದಿಲ್ಲ ಎಂದು ಅಲ್ಲೇ ತೀರ್ಮಾನ ಹೇಳಿದಳು. ಮಗು ನೆಲಕ್ಕೆ ಬಿದ್ದು ಕಾಲು ಬಡಿದು ಅತ್ತಿತು.

"ಉಳಿದ ಹುಡುಗ್ರು?" ಎಂದೆ ನಾನು.

"ನಿನ್ನ ಭುಜ ನೋಡ್ಕೊ. ನೀ ಎಲ್ಲೂ ಹೋಗೂದಿಲ್ಲ."

ಸನ್ನಿ ಸರ್‌ಗೂ ಕುರುಪ್ ಅವರಿಗೂ ಮೇಲ್ ಮಾಡಿದೆ. ಡ್ಯಾನ್ಸ್ ಟೀಚರಿಗೆ ಅಕ್ಕ ಫೋನ್ ಮಾಡಿದಳು. ಇಷ್ಟು ದಿನದ ಅಭ್ಯಾಸ, ಬಟ್ಟೆ ಬಾಡಿಗೆಗೆ ತಂದಾಗಿದೆ, ಒಂದು ಕಾರ್ಟೂನ್ ನೋಡಿದರೆ ಏನಾಗುತ್ತದೆ ಎಂದರಂತೆ ಆಕೆ. ಬಿಜೋಯ್ ನನ್ನ ಕರೆಯನ್ನು ಎತ್ತಲೇ ಇಲ್ಲ. ಕಾರ್ಯಕ್ರಮದ ದಿನ ಅಕ್ಕ ಬ್ಯಾಂಕಿನಿಂದ ಬರುವ ಮೊದಲೇ ಆಟೋ ಹಿಡಿದು ಹೊರಟೆ. ಗಾಳಿಗೆ ರಸ್ತೆಯ ಫ್ಲೆಕ್ಸುಗಳು ಹರಿದು ಹಾರುತ್ತಿದ್ದವು.

ಹಾಲ್ ತುಂಬಿತ್ತು. ನೃತ್ಯ ಮುಗಿಸಿದ ಮಕ್ಕಳು ಜರಿಯಂಚಿನ ಬಿಳಿಯ ಕಸವುಸೀರೆಯಲ್ಲಿ, ಮುಡಿಗೆ ಮಲ್ಲಿಗೆ ಸುತ್ತಿಕೊಂಡು, ಆ ಎಲ್‌ಇಡಿ ಗೋಡೆಯ ಎದುರಿಗೇ ನೆಲದ ಮೇಲೆ ಕೂತಿದ್ದರು. ಸನ್ನಿ ಸರ್ ನನ್ನನ್ನು ಬಾಗಿಲಲ್ಲೇ ತಡೆದು, ಅಣ್ಣನ ಹಾಗೆ ಹೇಳುತ್ತೇನೆ, ಮನೆಗೆ ಹೋಗು ಎಂದರು. ಅವರನ್ನು ದಾಟಿ ಕುರುಪ್ ಅವರ ಬಳಿ ಹೋದೆ. ಅವರು ಸಿಟ್ಟಾಗಲಿಲ್ಲ. ನನ್ನ ಕಟ್ಟಿದ ಭುಜದ ಮೇಲೆಯೇ ಕೈಯಿಟ್ಟು, "ಸ್ವಲ್ಪ ಹೊತ್ತಿನ ಆಟ ಮೋನೇ, ಮುಗಿದೇ ಹೋಗುತ್ತದೆ" ಎಂದು ಮಗನಿಗೆ ಹೇಳುವಂತೆ ಹೇಳಿ ವೇದಿಕೆಗೆ ನಡೆದರು. ದೀಪಗಳು ಆರಿದವು.

ಗುಡುಗು ನೆಲವನ್ನೇ ಅಲುಗಿಸಿತು. ಮಕ್ಕಳು ಖುಷಿಯಿಂದ ಕಿರುಚಿದರು. ನಾನು ಕಟ್ಟು ಬಿಚ್ಚಿ ಎಸೆದು, ಎಡಗೈಯಿಂದ ಒಂದು ಕಣ್ಣು ಒತ್ತಿಕೊಂಡು, ಪರದೆಗೆ ಬೆನ್ನು ಹಾಕಿ ಗೋಡೆ ಸವರುತ್ತಾ ಓಡಿದೆ. ಬದಿಯ ಮೇಜಿನಲ್ಲಿ ಲ್ಯಾಪ್‌ಟಾಪಿನ ಹಿಂದೆ ಬಿಜೋಯ್ ಇದ್ದ. ನಿಲ್ಲಿಸು ಎಂದೆ. ಅವನು ತಲೆಯೆತ್ತಲಿಲ್ಲ. ಮಿಂಚು ಶುರುವಾಗಲು ಇನ್ನೆಷ್ಟು ಹೊತ್ತೆಂದು ನನಗೆ ಗೊತ್ತಿತ್ತು, ಆ ಪುಟ ಕಟ್ಟಿದವನು ನಾನೇ. ಎರಡೂ ಕೈಯಿಂದ ಲ್ಯಾಪ್‌ಟಾಪ್ ಕಿತ್ತುಕೊಂಡೆ. ವೈರುಗಳು ಕಿತ್ತು ಬಂದವು, ಭುಜದೊಳಗೆ ಏನೋ ಹರಿಯಿತು. ತಲೆಯ ಮೇಲಕ್ಕೆತ್ತಿ ನೆಲಕ್ಕೆ ಅಪ್ಪಳಿಸಿದೆ. ಅದು ಎರಡಾಗಿ ತೆರೆದುಕೊಂಡಿತು. ಕಾಲಿನಿಂದ ತುಳಿದೆ, ಮತ್ತೆ ತುಳಿದೆ. ಅಷ್ಟು ಸಾಕಾಗಿತ್ತು. ಆದರೂ ತುಳಿಯುವುದನ್ನು ನಿಲ್ಲಿಸಲಾಗಲಿಲ್ಲ. ಮಂಟಪದಲ್ಲಿ ನನ್ನ ಸುತ್ತ ನಿಂತು ನೋಡಿದವರು, ಯಾರಿಗೂ ಹೇಳಬೇಡ ಎಂದ ಅಪ್ಪ, ನನ್ನ ಅಂಗೈಯನ್ನು ನಗುತ್ತಾ ಕೆಳಗೆಳೆದ ಕೈ, ಎಲ್ಲವೂ ನನ್ನ ಕಾಲ ಕೆಳಗೆ ಇದ್ದವು.

ಕತ್ತಲಲ್ಲಿ ಸೆಕ್ಯೂರಿಟಿಯವರು ಮೇಲೆ ಬಿದ್ದರು. ಒಬ್ಬ ನನ್ನ ಕೈಯನ್ನು ಹಿಂದಕ್ಕೆ ತಿರುಚಿದಾಗ ಕೀಲು ಮತ್ತೆ ಕಳಚಿದ ಸದ್ದು ನನಗೇ ಕೇಳಿಸಿತು. ಇನ್ನೊಬ್ಬ ಪಕ್ಕೆಗೆ ಬೂಟಿನಿಂದ ಒದ್ದ. ದೀಪ ಹತ್ತಿದಾಗ ಮಕ್ಕಳು ಅಳುತ್ತಿದ್ದರು. ನನಗೆ ಹೆದರಿ ಅಳುತ್ತಿದ್ದರು. ಸನ್ನಿ ಸರ್ ಬಿಳಿಚಿಕೊಂಡ ಮುಖದಿಂದ ಬಿಜೋಯ್ ಹತ್ತಿರ ಬಂದು ಬೇರೆ ಲ್ಯಾಪ್‌ಟಾಪಿನಲ್ಲಿ ಹಾಕಲು ಹೇಳಿದರು. ಅದರ ಪ್ರತಿಯಿದ್ದ ಪೆನ್‌ಡ್ರೈವ್ ಬಿಜೋಯ್‌ನ ಕೊರಳ ಐಡಿ ಕಾರ್ಡಿನ ಜೊತೆಗೇ ತೂಗುತ್ತಿತ್ತು.

"ತಂದಿಲ್ಲ ಸರ್" ಎಂದ ಬಿಜೋಯ್.

ಸನ್ನಿ ಸರ್ ಆ ಕಾರ್ಡಿನ ಪಟ್ಟಿಗೇ ಕೈ ಹಾಕಿ ಎಳೆದರು. ಬಿಜೋಯ್‌ನ ತಲೆ ಮುಂದಕ್ಕೆ ಬಾಗಿ, ಕೆಮ್ಮು ಬಂದು, ತುಟಿಯ ಹೊಲಿಗೆ ಬಿಚ್ಚಿ ರಕ್ತ ಇಳಿಯಿತು. ಅವನು ಎರಡೂ ಕೈಯಿಂದ ಅವರನ್ನು ನೂಕಿದ. ಅವರು ಕುರ್ಚಿಗಳ ಸಾಲಿನ ಮೇಲೆ ಅಂಗಾತ ಬಿದ್ದರು. ಆಮೇಲೆ ಬಿಜೋಯ್ ನನ್ನ ಮೇಲೆ ಕೂತಿದ್ದವನ ಬಳಿ ಬಂದು, ಇವನಿಗೆ ಹುಷಾರಿಲ್ಲ, ಏಳು ಎಂದು ಮಲಯಾಳದಲ್ಲಿ ಮೆಲ್ಲಗೆ ಹೇಳಿದ.

ಪೊಲೀಸರು ಇಬ್ಬರನ್ನೂ ಕರೆದೊಯ್ದರು. ಅಕ್ಕ ಸ್ಟೇಷನ್ನಿಗೆ ಬಂದು, ಮೊದಲು ಆಸ್ಪತ್ರೆ, ಆಮೇಲೆ ನಿಮ್ಮ ಪ್ರಶ್ನೆ ಎಂದು ಇನ್ಸ್‌ಪೆಕ್ಟರ ಎದುರು ಕೂತುಬಿಟ್ಟಳು. ಕುರುಪ್ ಅವರು ದೂರು ಕೊಡಲಿಲ್ಲ. ಮಳೆಗಾಲದ ವ್ಯಾಪಾರದ ಹೊತ್ತಿಗೆ ಪೇಪರಿನಲ್ಲಿ ಹೆಸರು ಬರುವುದು ಅವರಿಗೆ ಬೇಕಿರಲಿಲ್ಲ. ಅನುವಿನ ಡ್ಯಾನ್ಸ್ ಟೀಚರು ಮಾತ್ರ ತಿಂಗಳುಗಟ್ಟಲೆ ಅಕ್ಕನ ಜೊತೆ ಮಾತಾಡಲಿಲ್ಲ. ಆ ಮಕ್ಕಳಲ್ಲಿ ಯಾರಿಗಾದರೂ ಏನಾದರೂ ಆಗುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಎಂದೂ ಗೊತ್ತಾಗುವುದೂ ಇಲ್ಲ. ನನ್ನ ಕೆಲಸವೂ ಬಿಜೋಯ್‌ನದೂ ಹೋದವು. ಓಣಂ ಹೊತ್ತಿಗೆ ಆ ರೆಸಾರ್ಟಿನ ವೆಬ್‌ಸೈಟ್ ತೆರೆದು ನೋಡಿದೆ. ಬೇರೆ ಯಾರೋ ಮಾಡಿದ್ದರು. ಅಲುಗದ ಒಂದು ಕಡಲು, ಅದರ ಮೇಲೆ ದಪ್ಪ ಅಕ್ಷರದಲ್ಲಿ ಫೋನ್ ನಂಬರು.

ಮಳೆ ಕಡಿಮೆಯಾಗುವ ಮೊದಲು ಬಿಜೋಯ್ ಒಮ್ಮೆ ತಿರುವನಂತಪುರಕ್ಕೆ ಬಂದ. ಹೊಸ ಹಲ್ಲು ಕಟ್ಟಿಸಿಕೊಂಡಿದ್ದ, ಅದು ಉಳಿದವುಗಳಿಗಿಂತ ಬೆಳ್ಳಗಿತ್ತು. ಇಬ್ಬರೂ ಶಂಖುಮುಖಂ ಕಡಲತೀರಕ್ಕೆ ಹೋದೆವು. ಕಡಲು ದಂಡೆಯನ್ನು ಕಿತ್ತು ತಿನ್ನುತ್ತಿತ್ತು. ರಸ್ತೆಯ ಅರ್ಧ ಭಾಗ ಕುಸಿದು ನೀರಿಗೆ ಬಿದ್ದಿತ್ತು. ಪ್ರತಿ ಅಲೆಗೂ ಟಾರಿನ ಒಂದೊಂದು ತುಂಡು ಕಳಚಿ ಹೋಗುತ್ತಿತ್ತು. ಪೊಲೀಸರು ಹಗ್ಗ ಕಟ್ಟಿ ಜನರನ್ನು ಹಿಂದಕ್ಕೆ ಅಟ್ಟುತ್ತಿದ್ದರು. ಮೀಟಿಂಗ್ ಕೋಣೆಯ ದಿನದ ನಂತರ ಆ ಬಿರುಗಾಳಿಯನ್ನು ಒಂದು ಸಲವೂ ಕೊನೆಯವರೆಗೆ ನೋಡಲು ತನಗೆ ಆಗಿರಲಿಲ್ಲ, ಮಿಂಚು ಬರುವಾಗ ಪ್ರತಿಸಲವೂ ತಾನು ಕಣ್ಣು ತಿರುಗಿಸುತ್ತಿದ್ದುದಾಗಿ ಬಿಜೋಯ್ ಹೇಳಿದ. ಮಳೆ ಮುಖಕ್ಕೆ ರಾಚುತ್ತಿತ್ತು. ಅವನು ಹಗ್ಗ ಹಿಡಿದು ನಿಂತು, ನನ್ನ ಕಡೆ ನೋಡದೆ ಕೇಳಿದ.

"ಅಳಿಯಾ, ಆ ದಿನ ನಡುಕ ನಿಂತ ಮೇಲೆ ನೀನು ಎದ್ದೆ. ನಾನು ಹಿಂದಿನಿಂದ ತಬ್ಬಿ ಹಿಡಿದಿದ್ದೆ. ನೀನು ಒಂದೇ ಮಾತು ಹೇಳುತ್ತಿದ್ದೆ. ಬಿಡಬ್ಯಾಡ, ಬಿಡಬ್ಯಾಡ. ನಮ್ಮಲ್ಲಿ 'ವಿಡ್' ಅಂದರೆ ಬಿಡು ಅಂತ. ಅದಕ್ಕೇ ಬಿಟ್ಟೆ. ನೀನು ಮೇಜಿನ ಮೇಲೆ ಬಿದ್ದೆ." ಆಮೇಲೆ ನನ್ನ ಕಡೆ ತಿರುಗಿ, "ಕನ್ನಡದಲ್ಲಿ ಅದರ ಅರ್ಥ ಏನು?" ಎಂದ.

ಭುಜ ಆಗಲೇ ಮಳೆಯ ತಂಪಿಗೆ ಸೆಳೆಯುತ್ತಿತ್ತು. ಇನ್ನು ಮುಂದೆ ಪ್ರತಿ ಮಳೆಗಾಲಕ್ಕೂ ಹೀಗೇ ಎಂದು ಡಾಕ್ಟರು ಹೇಳಿದ್ದರು. ಒಂದು ದೊಡ್ಡ ಅಲೆ ಎದ್ದು ರಸ್ತೆಯ ಇನ್ನೊಂದು ತುಂಡನ್ನು ಕಚ್ಚಿಕೊಂಡು ಹೋಯಿತು. ಅದರ ಸದ್ದು ಅಡಗುವವರೆಗೆ ಕಾದೆ.

"ಅದೇ ಅರ್ಥ," ಎಂದೆ. "ಬಿಡು ಅಂತಲೇ ಹೇಳಿದ್ದೆ."